ರೇಡಿಯೇಟರ್‌ನಲ್ಲಿ ಕರಿಕೆಸರು: ಬಿಚ್ಚಿ ತೊಳೆಯುವುದೋ, ಕ್ಲೀನರ್ ಸುರಿಯುವುದೋ, ಪವರ್ ಫ್ಲಶ್ ಮಾಡಿಸುವುದೋ?

ಇಲ್ಲಿ ರೇಡಿಯೇಟರ್ ಎಂದರೆ ಚಳಿನಾಡಿನ ಮನೆಗಳಲ್ಲಿ ಬಾಯ್ಲರ್‌ನ ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಉಕ್ಕಿನ ಫಲಕ. ಅದರ ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿ, ಕೆಳಗೆ ನಡುಭಾಗ ತಣ್ಣಗೆ. ಬ್ಲೀಡ್ ಮಾಡಲು, ಅಂದರೆ ಮೇಲಿನ ಪುಟ್ಟ ವಾಲ್ವ್ ತೆರೆದು ಒಳಗೆ ಸೇರಿದ ಗಾಳಿ ಬಿಡಲು ಹೋದರೆ ಮಸಿಯಂಥ ನೀರು. ಇಷ್ಟು ಕಂಡ ಮೇಲೆ ಒಳಗೆ ಕೆಸರು ಕಟ್ಟಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಗೊಂದಲ ಶುರುವಾಗುವುದು ಆಮೇಲೆ. ಒಬ್ಬರು ಪವರ್ ಫ್ಲಶ್ (ಯಂತ್ರದಿಂದ ನೀರು ವೇಗವಾಗಿ ಸುತ್ತಿಸಿ ತೊಳೆಯುವುದು) ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಒಂದು ಬಾಟಲಿ ಕ್ಲೀನರ್ ಸಾಕು ಅನ್ನುತ್ತಾರೆ, ಮತ್ತೊಬ್ಬರು ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿ ಮರೆತುಬಿಡಿ ಅನ್ನುತ್ತಾರೆ. ಒಂದೊಂದು ಮಾತೂ ಕೆಲವು ಮನೆಗಳ ಮಟ್ಟಿಗೆ ಸರಿ. ನಿಮ್ಮ ಮನೆಗೆ ಯಾವುದು ಸರಿ ಎಂಬುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ: ಕೆಸರು ಎಲ್ಲೆಲ್ಲಿ ಕೂತಿದೆ, ಮತ್ತು ಅದು ಈಗಲೂ ಹುಟ್ಟುತ್ತಲೇ ಇದೆಯೇ. ಎರಡನೆಯದನ್ನು ಕೇಳದೆ ಹಣ ಸುರಿಯುವವರೇ ಹೆಚ್ಚು.

ಈ ಕೆಸರು ಹೊರಗಿನಿಂದ ಬಂದ ಮಣ್ಣಲ್ಲ, ರೇಡಿಯೇಟರ್‌ನದೇ ಉಕ್ಕು. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಉಕ್ಕು ಸವೆದಾಗ ಮ್ಯಾಗ್ನೆಟೈಟ್ ಎಂಬ ಕಪ್ಪು ಐರನ್ ಆಕ್ಸೈಡ್ ಆಗುತ್ತದೆ, ಜೊತೆಗೆ ಜಲಜನಕ ಅನಿಲ ಬಿಡುಗಡೆಯಾಗುತ್ತದೆ. ಕೆಲವು ರೇಡಿಯೇಟರ್‌ಗಳನ್ನು ಪದೇಪದೇ ಬ್ಲೀಡ್ ಮಾಡಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಬರುವುದು ಬರೀ ಗಾಳಿ ಎಂದುಕೊಳ್ಳಬೇಡಿ, ಬ್ಲೀಡ್ ಮಾಡುವಾಗ ಹತ್ತಿರ ಬೆಂಕಿ ಬೇಡ. ಮ್ಯಾಗ್ನೆಟೈಟ್ ನೀರಿಗಿಂತ ಐದು ಪಟ್ಟು ಭಾರ. ಹಾಗಾಗಿ ನೀರು ನಿಧಾನವಾಗುವ ಕಡೆ, ಅಂದರೆ ಫಲಕದ ಕೆಳಗಿನ ನಡುಭಾಗದಲ್ಲಿ, ತಳ ಹಿಡಿಯುತ್ತದೆ. ಕೆಳಮಹಡಿಯ ರೇಡಿಯೇಟರ್‌ಗಳೇ ಮೊದಲು ಕಟ್ಟಿಕೊಳ್ಳುವುದಕ್ಕೂ ಈ ಭಾರವೇ ಕಾರಣ. ನೀರು ಕಪ್ಪಗಿರದೆ ಕೆಂಪು-ಕಂದು ಬಣ್ಣಕ್ಕೆ ತಿರುಗಿದ್ದರೆ ಹೊಸ ಆಮ್ಲಜನಕ ಧಾರಾಳವಾಗಿ ಒಳಬರುತ್ತಿದೆ ಎಂದರ್ಥ. ಅದು ಕಪ್ಪು ನೀರಿಗಿಂತ ಹೆಚ್ಚು ತುರ್ತಿನ ಸುದ್ದಿ.

ಆಯ್ಕೆಗೆ ಮೊದಲು ಅಳೆಯಬೇಕಾದ್ದು

ಮೊದಲು ಇದು ಕೆಸರೇ ಎಂದು ಖಚಿತಪಡಿಸಿಕೊಳ್ಳಿ. ಮೇಲೆ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಅನಿಲ ತುಂಬಿದೆ, ಬ್ಲೀಡ್ ಮಾಡಿದರೆ ಮುಗಿಯಿತು. ನೀರು ಬರುವ ಬದಿ ಬಿಸಿ, ಆಚೆ ಬದಿ ತಣ್ಣಗಿದ್ದರೆ ಹರಿವು ಕಡಿಮೆ, ಬ್ಯಾಲೆನ್ಸಿಂಗ್, ಅಂದರೆ ರೇಡಿಯೇಟರ್‌ಗಳ ನಡುವೆ ಹರಿವು ಹೊಂದಿಸುವುದು ಬೇಕು. ಇಡೀ ರೇಡಿಯೇಟರ್ ತಣ್ಣಗಿದ್ದರೆ, ಕೋಣೆಯ ಬಿಸಿಗೆ ತಕ್ಕಂತೆ ತಾನಾಗಿ ಹರಿವು ಹೊಂದಿಸುವ ಥರ್ಮೋಸ್ಟಾಟಿಕ್ ವಾಲ್ವ್‌ನ ಪಿನ್ ಅಂಟಿಕೊಂಡಿರಬಹುದು. ತಲೆಯನ್ನು ಬಿಚ್ಚಿ ಪಿನ್ ಒತ್ತಿ ನೋಡಿ, ಕೆಲವೇ ಮಿಲಿಮೀಟರ್ ಒಳಹೋಗಿ ತಾನಾಗಿ ಹೊರಬರಬೇಕು. ಬಿಸಿ ಬಾಯ್ಲರ್ ಕೂಡ ಕೆಟಲ್‌ನಲ್ಲಿ ನೀರು ಕುದಿಯುವಂತೆ ಸದ್ದು ಮಾಡುತ್ತಿದ್ದರೆ ಅದರಲ್ಲಿ ನೀರು ಕಾಯುವ ಭಾಗವಾದ ಹೀಟ್ ಎಕ್ಸ್‌ಚೇಂಜರ್‌ನೊಳಗೆ ಕೆಸರೋ ಗಡಸು ನೀರಿನ ಸುಣ್ಣದ ಪದರವೋ ಸೇರಿದೆ. ಆಗ ಇದು ಒಂದು ರೇಡಿಯೇಟರ್‌ನ ವಿಷಯವಲ್ಲ.

ಆಮೇಲೆ ಪ್ರತಿ ರೇಡಿಯೇಟರ್‌ಗೂ ಕೈಯಿಟ್ಟು, ಅಥವಾ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮೇಲೆ, ಕೆಳಗೆ, ನಡುವೆ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಡ್ರೈನ್ ಕಾಕ್‌ನಿಂದ (ವ್ಯವಸ್ಥೆಯ ನೀರು ಖಾಲಿ ಮಾಡುವ ನಲ್ಲಿ) ಒಂದು ಲೋಟ ನೀರನ್ನು ಪಾರದರ್ಶಕ ಗಾಜಿನ ಜಾಡಿಗೆ ಹಿಡಿದು ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ತಳದಲ್ಲಿ ಕಪ್ಪು ಪುಡಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ, ಜಾಡಿಯ ಹೊರಗಿನಿಂದ ಅಯಸ್ಕಾಂತ ಹಿಡಿದು ನೋಡಿ. ಪುಡಿ ಅದರ ಹಿಂದೆ ಜರುಗಿದರೆ ಮ್ಯಾಗ್ನೆಟೈಟ್. ಜರುಗದೇ ಇದ್ದರೆ ಸುಣ್ಣ, ಕೆಂಪು ತುಕ್ಕು, ಅಥವಾ ಬೆಸುಗೆಯ ಫ್ಲಕ್ಸ್‌ನ ಉಳಿಕೆ. ಮ್ಯಾಗ್ನೆಟಿಕ್ ಫಿಲ್ಟರ್ ಅವುಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಅಟ್ಟದ ಮೇಲೆ ಪುಟ್ಟ ತೊಟ್ಟಿ ಇರುವ ಹಳೆಯ ತೆರೆದ ವ್ಯವಸ್ಥೆಯಾದರೆ ಇನ್ನೊಂದು ಪರೀಕ್ಷೆ ಉಂಟು, ಅದಕ್ಕೆ ಕಾಸು ಬೇಡ. ತೊಟ್ಟಿಯ ತಣ್ಣೀರು ಕೊಳವೆ ಮುಖ್ಯ ಕೊಳವೆಯನ್ನು ಸೇರುವ ಜೋಡಣೆಯ ಹತ್ತಿರ ತಾಮ್ರದ ಮೇಲೆ ಅಯಸ್ಕಾಂತ ಇಡಿ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿ ಅಂಟಿಕೊಂಡರೆ ಒಳಗೆ ಮ್ಯಾಗ್ನೆಟೈಟ್ ಗಟ್ಟಿ ಬಿರಡೆಯಾಗಿ ಕೂತಿದೆ. ಇಂಥ ಬಿರಡೆಯನ್ನು ಯಾವ ರಾಸಾಯನಿಕವೂ ಸುಲಭಕ್ಕೆ ಕರಗಿಸದು. ಆ ತುಂಡನ್ನು ಕತ್ತರಿಸಿ ಹೊಸ ಕೊಳವೆ ಹಾಕುವುದೇ ದಾರಿ.

ಇನ್ನು ಆಯ್ಕೆಗಳನ್ನು ತೂಗಲು ಬೇಕಾದ ಅಳತೆಗೋಲುಗಳು. ಕೆಸರು ಒಂದೆರಡು ರೇಡಿಯೇಟರ್‌ಗೆ ಸೀಮಿತವೋ, ಮನೆಯಿಡೀ ಹರಡಿದೆಯೋ. ಕೊಳವೆಗಳು 15 ಮಿ.ಮೀ. ಅಥವಾ ದಪ್ಪವೋ, ಇಲ್ಲ 8–10 ಮಿ.ಮೀ.ನ ಮೈಕ್ರೋಬೋರ್ ಎಂಬ ಸಣಕಲು ಕೊಳವೆಗಳೋ. ಬಾಯ್ಲರ್ ಹಳೆಯದೋ, ಕಿರಿದಾದ ನೀರುದಾರಿಗಳಿರುವ ಹೊಸದೋ, ಅದರ ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಂನದೋ. ಮನೆ ಎಷ್ಟು ಹೊತ್ತು ಬಿಸಿಯಿಲ್ಲದೆ ಇರಬಲ್ಲದು. ಭಾರ ಎತ್ತಲು, ಸ್ಪ್ಯಾನರ್ ಹಿಡಿಯಲು ನಿಮಗೆ ಆಗುತ್ತದೆಯೋ. ಕಡೆಗೆ ಹಣ. ಖರ್ಚಿನ ಕ್ರಮದಲ್ಲಿ ಹೇಳುವುದಾದರೆ ಕೈಯಾರೆ ಬಿಚ್ಚಿ ತೊಳೆಯುವುದು ಎಲ್ಲಕ್ಕಿಂತ ಅಗ್ಗ, ಅದಾದ ಮೇಲೆ ಕ್ಲೀನರ್ ಬಾಟಲಿ, ಅದರ ಮೇಲೆ ಫಿಲ್ಟರ್ ಮತ್ತು ಒಂದು ರೇಡಿಯೇಟರ್‌ನ ಬದಲಾವಣೆ, ತುದಿಯಲ್ಲಿ ಪವರ್ ಫ್ಲಶ್.

ಬಿಚ್ಚಿ, ಹೊರಗೆ ಒಯ್ದು, ಪೈಪಿನಿಂದ ತೊಳೆಯುವುದು

ಒಂದು, ಎರಡು, ಹೆಚ್ಚೆಂದರೆ ಮೂರು ರೇಡಿಯೇಟರ್‌ಗಳಲ್ಲಿ ಮಾತ್ರ ತೊಂದರೆಯಿದ್ದರೆ ಇದಕ್ಕೆ ಸಾಟಿಯಿಲ್ಲ. ಯಂತ್ರ ತಂದು ಅಲುಗಾಡಿಸಿದರೂ ಹೊರಬಾರದ ಕೆಸರು ತೋಟದ ಪೈಪಿನ ನೇರ ಹೊಡೆತಕ್ಕೆ ಹೊರಬರುತ್ತದೆ, ಏಕೆಂದರೆ ನೀರೆಲ್ಲ ಆ ಒಂದೇ ಫಲಕದೊಳಗೆ ಹಾಯುತ್ತದೆ. ಒಂದು ರೇಡಿಯೇಟರ್‌ಗಾಗಿ ಇಡೀ ಮನೆಗೆ ಪವರ್ ಫ್ಲಶ್ ಮಾಡಿಸುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಬಾಯ್ಲರ್ ಆರಿಸಿ, ನೀರು ತಣಿಯಲು ಬಿಡಿ. ಥರ್ಮೋಸ್ಟಾಟಿಕ್ ವಾಲ್ವ್ ಅನ್ನು ಬರೀ ಸೊನ್ನೆಗೆ ತಿರುಗಿಸಿ ನಂಬಬೇಡಿ. ಕೋಣೆ ತೀರಾ ತಣ್ಣಗಾದರೆ ಹಿಮರಕ್ಷಣೆಗಾಗಿ ಅದು ತಾನಾಗಿ ತೆರೆದುಕೊಳ್ಳುತ್ತದೆ, ನೆಲದ ತುಂಬ ಕಪ್ಪು ನೀರು. ವಾಲ್ವ್‌ನ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ತಲೆಯ ಜಾಗದಲ್ಲಿ ತಿರುಗಿಸಿ ಪಿನ್ ಪೂರ್ತಿ ಒತ್ತಿಡಿ. ರೇಡಿಯೇಟರ್ ರಾತ್ರಿಯೆಲ್ಲ ಹೊರಗಿರುವುದಾದರೆ ವಾಲ್ವ್‌ನ ಬಾಯಿಗೂ ಲೋಹದ ಮುಚ್ಚಳ ಹಾಕಿ. ಇನ್ನೊಂದು ಬದಿಯ ಲಾಕ್‌ಶೀಲ್ಡ್ ವಾಲ್ವ್ ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಬರೆದುಕೊಳ್ಳಿ, ಮುಕ್ಕಾಲು, ಒಂದೂಕಾಲು, ಏನೇ ಇರಲಿ. ಮತ್ತೆ ಅಷ್ಟೇ ತೆರೆದರೆ ಬ್ಯಾಲೆನ್ಸ್ ಕೆಡುವುದಿಲ್ಲ.

ನಟ್ ಸಡಿಲಿಸುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು. ಒಂದರಿಂದ ವಾಲ್ವ್‌ನ ಮೈಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ ತಿರುಗಿಸಿ. ಒಂದೇ ಸ್ಪ್ಯಾನರ್‌ನಲ್ಲಿ ಜೋರು ಮಾಡಿದರೆ ನೆಲದಡಿಯ ತಾಮ್ರದ ಕೊಳವೆ ತಿರುಚಿಕೊಳ್ಳುತ್ತದೆ, ಈ ಕೆಲಸದಲ್ಲಿ ಆಗುವ ದೊಡ್ಡ ಅನಾಹುತ ಅದೇ. ನಟ್ ಕೊಂಚ ಸಡಿಲವಾದ ಕೂಡಲೇ ಕೆಳಗೆ ತಟ್ಟೆ ಇಟ್ಟು ಬ್ಲೀಡ್ ವಾಲ್ವ್ ತೆರೆಯಿರಿ, ಗಾಳಿ ಒಳಹೋದರಷ್ಟೇ ನೀರು ಇಳಿಯುತ್ತದೆ. ರೇಡಿಯೇಟರ್ ಹಿಡಿಯುವಷ್ಟು ನೀರು ಇಳಿದ ಮೇಲೂ ಅದು ನಿಲ್ಲದೆ ಒಂದೇ ಸಮ ಬರುತ್ತಲೇ ಇದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ. ನಟ್ ಮತ್ತೆ ಬಿಗಿದು ಅಲ್ಲಿಗೇ ನಿಲ್ಲಿಸಿ.

ಒಂದು ಮೀಟರ್ ಉದ್ದ, 600 ಮಿ.ಮೀ. ಎತ್ತರದ ಜೋಡಿ ಫಲಕದ ರೇಡಿಯೇಟರ್ ಖಾಲಿಯಿದ್ದಾಗಲೇ 30 ಕೆ.ಜಿ. ದಾಟುತ್ತದೆ, ಕೆಸರಿನ ತೂಕ ಬೇರೆ. ಇಬ್ಬರು ಎತ್ತಬೇಕು. ಹೊರುವ ಮುಂಚೆ ಕೆಳಗಿನ ಎರಡೂ ತೂತುಗಳಿಗೆ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮ್ಯಾಗ್ನೆಟೈಟ್ ಕಂಬಳಿ ನೆಲಹಾಸಿಗೆ ಒಮ್ಮೆ ತಾಗಿದರೆ ಹೋಗುವುದಿಲ್ಲ. ಹೊರಗೆ ಒಂದು ಕೆಳತೂತಿನಿಂದ ಪೈಪಿನ ನೀರು ಬಿಡಿ, ಆಮೇಲೆ ಇನ್ನೊಂದರಿಂದ, ಆಮೇಲೆ ತಲೆಕೆಳಗು ಮಾಡಿ ಮೇಲಿನಿಂದ. ನಡುನಡುವೆ ರಬ್ಬರ್ ಸುತ್ತಿಗೆಯಿಂದ ಫಲಕದ ಕೆಳಭಾಗಕ್ಕೆ ಮೆಲ್ಲಗೆ ತಟ್ಟಿದರೆ ಗಟ್ಟಿಯಾದದ್ದು ಬಿಡುತ್ತದೆ. ನೀರು ತಿಳಿಯಾದ ಮೇಲೂ ಒಮ್ಮೆ ಓರೆಯಾಗಿಸಿ ಅಲುಗಾಡಿಸಿ ನೋಡಿ, ಸಾಮಾನ್ಯವಾಗಿ ಇನ್ನೊಂದು ಕಪ್ಪು ಅಲೆ ಬರುತ್ತದೆ.

ರೇಡಿಯೇಟರ್ ಹೊರಗಿರುವಾಗಲೇ ಅದರ ಕೊಳವೆಗಳನ್ನೂ ನೋಡಿಕೊಳ್ಳಿ. ಬಕೆಟ್ ಹಿಡಿದು ಒಂದೊಂದೇ ವಾಲ್ವ್ ಕ್ಷಣಕಾಲ ತೆರೆದರೆ ಎರಡರಿಂದಲೂ ನೀರು ಚಿಮ್ಮಬೇಕು. ಒಂದರಿಂದ ಬರದಿದ್ದರೆ ತಡೆ ಕೊಳವೆಯಲ್ಲೋ ವಾಲ್ವ್‌ನಲ್ಲೋ ಇದೆ, ಎಷ್ಟು ತೊಳೆದರೂ ರೇಡಿಯೇಟರ್ ಕಾಯುವುದಿಲ್ಲ. ಮರಳಿ ಜೋಡಿಸಿ ನೀರು ತುಂಬಿ ಬ್ಲೀಡ್ ಮಾಡಿ. ಅಟ್ಟದ ತೊಟ್ಟಿಯಿಲ್ಲದೆ ಒತ್ತಡದಲ್ಲಿ ನಡೆಯುವ ಮುಚ್ಚಿದ ವ್ಯವಸ್ಥೆಯಾದರೆ ತಣ್ಣಗಿರುವಾಗ ಒತ್ತಡ 1ರಿಂದ 1.5 ಬಾರ್‌ಗೆ ತನ್ನಿ. ಒಂದು ರೇಡಿಯೇಟರ್‌ನಷ್ಟು ಹೊಸ ನೀರು ಸೇರಿದ್ದರಿಂದ ಇನ್ಹಿಬಿಟರ್ (ಲೋಹದ ಸವೆತ ತಡೆಯಲು ನೀರಿಗೆ ಸೇರಿಸುವ ರಾಸಾಯನಿಕ) ತೆಳುವಾಗಿರುತ್ತದೆ, ಅದನ್ನು ಮರೆಯಬೇಡಿ.

ತೊಳೆದ ಮೇಲೆ ಫಲಕದಲ್ಲಿ ಸೂಜಿಮೊನೆಯ ತೂತುಗಳಿಂದ ನೀರು ಜಿನುಗಿದರೆ ತೊಳೆದದ್ದು ತಪ್ಪಲ್ಲ. ತೂತು ಮೊದಲೇ ಇತ್ತು, ಕೆಸರು ಅದನ್ನು ಮುಚ್ಚಿಟ್ಟಿತ್ತು. ಅಂಥ ರೇಡಿಯೇಟರ್‌ಗೆ ಬೇಕಿರುವುದು ಬದಲಾವಣೆ.

ಕ್ಲೀನರ್ ಸುರಿದು ಸುತ್ತಿಸಿ ಖಾಲಿ ಮಾಡುವುದು

ಕೆಸರು ಅಲ್ಲಲ್ಲಿ ಹರಡಿದೆ, ಆದರೆ ಎಲ್ಲ ರೇಡಿಯೇಟರ್‌ಗಳೂ ಸ್ವಲ್ಪವಾದರೂ ಕಾಯುತ್ತಿವೆ ಎಂದಾದರೆ ಇದು ಒಳ್ಳೆಯ ಆಯ್ಕೆ. ಇಲ್ಲಿ ನೀರು ಹರಿಯುತ್ತಿರಬೇಕು ಎಂಬುದೇ ಮುಖ್ಯ ಷರತ್ತು. ಪೂರ್ತಿ ಕಟ್ಟಿಕೊಂಡ ಜಾಗಕ್ಕೆ ಕ್ಲೀನರ್ ತಲುಪುವುದೇ ಇಲ್ಲ.

ಎರಡು ಬಗೆಯವು ಸಿಗುತ್ತವೆ. ಒಂದು ಮೃದು, ಆಮ್ಲರಹಿತ. ಒಂದರಿಂದ ನಾಲ್ಕು ವಾರ ವ್ಯವಸ್ಥೆಯೊಳಗೇ ಸುತ್ತುತ್ತ ಕೆಸರನ್ನು ಬಿಡಿಸುತ್ತದೆ, ಅಷ್ಟು ದಿನವೂ ಮನೆ ಎಂದಿನಂತೆ ಬೆಚ್ಚಗಿರುತ್ತದೆ. ಇನ್ನೊಂದು ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುವ ವೇಗದ್ದು, ಸುತ್ತಿಸಿ ಅದೇ ದಿನ ಖಾಲಿ ಮಾಡಬೇಕು. ಹಳೆಯ ವ್ಯವಸ್ಥೆಗೆ, ಚಳಿಗಾಲದ ನಡುವಿನಲ್ಲಿ, ಸ್ವಂತವಾಗಿ ಮಾಡುವವರಿಗೆ ಮೃದುವಾದದ್ದೇ ಸೂಕ್ತ. ಬಲವಾದ ಆಮ್ಲದ ಕ್ಲೀನರ್‌ಗಳನ್ನು ಅನುಭವಿಗಳಿಗೆ ಬಿಡಿ. ಅಲ್ಯೂಮಿನಿಯಂ ಇರುವ ಕಡೆ ಅವು ಬೇಡವೇ ಬೇಡ, ಬಳಸಿದಲ್ಲಿ ಕೊನೆಗೆ ಆಮ್ಲವನ್ನು ತಟಸ್ಥಗೊಳಿಸಲೇಬೇಕು. ಎರಡು ಬೇರೆ ಬೇರೆ ಉತ್ಪನ್ನಗಳನ್ನು ಒಟ್ಟಿಗೆ ಸುರಿಯಬೇಡಿ, ಕೈಗವಸು ಮತ್ತು ಕನ್ನಡಕ ತಪ್ಪಿಸಬೇಡಿ.

ಪ್ರಮಾಣದ ಲೆಕ್ಕ ಸರಳ. ಸಾಮಾನ್ಯವಾಗಿ 1 ಲೀಟರ್ ಬಾಟಲಿ ಸುಮಾರು 100 ಲೀಟರ್ ನೀರಿಗೆ, ಅಂದರೆ ಹತ್ತರಷ್ಟು ಜೋಡಿ ಫಲಕದ ರೇಡಿಯೇಟರ್‌ಗಳಿರುವ ಮನೆಗೆ. ಸಾಂದ್ರವಾದವು ಅರ್ಧ ಲೀಟರ್ ಬಾಟಲಿಯಲ್ಲೂ ಬರುತ್ತವೆ, ಲೇಬಲ್ ಓದಿ. ಎರಕದ ಕಬ್ಬಿಣದ ಹಳೆಯ ರೇಡಿಯೇಟರ್‌ಗಳೋ ನೆಲದಡಿಯ ಹೀಟಿಂಗೋ ಇದ್ದರೆ ನೀರು ಇದಕ್ಕಿಂತ ಹೆಚ್ಚಿರುತ್ತದೆ. ತೆರೆದ ವ್ಯವಸ್ಥೆಯಲ್ಲಿ ತೊಟ್ಟಿಯ ತೇಲುವಾಲ್ವ್ ಕಟ್ಟಿ ಕೆಳಗಿನಿಂದ ಸ್ವಲ್ಪ ನೀರು ಬಿಟ್ಟು, ತೊಟ್ಟಿಗೆ ಸುರಿದು ಒಳಗೆಳೆಸಿ. ಮುಚ್ಚಿದ ವ್ಯವಸ್ಥೆಯಲ್ಲಿ ಫಿಲ್ಟರ್‌ನ ಮೂಲಕ, ಇಲ್ಲವೇ ಒಂದು ರೇಡಿಯೇಟರ್ ಕೊಂಚ ಖಾಲಿ ಮಾಡಿ ಅದರ ಮೇಲಿನ ತೂತಿನ ಮೂಲಕ, ಇಲ್ಲವೇ ಒತ್ತಡ ತುಂಬಿದ ಡಬ್ಬಿಯಿಂದ ಸೇರಿಸಬಹುದು. ಎಲ್ಲ ವಾಲ್ವ್‌ಗಳೂ ಪೂರ್ತಿ ತೆರೆದಿರಲಿ, ನೀರು ಚೆನ್ನಾಗಿ ಬಿಸಿಯಿರಲಿ.

ಜನ ಎಡವುವುದು ಖಾಲಿ ಮಾಡುವ ಹಂತದಲ್ಲಿ. ಕ್ಲೀನರ್ ಕೆಸರನ್ನು ಮಾಯ ಮಾಡುವುದಿಲ್ಲ, ನೀರಿನಲ್ಲಿ ತೇಲಿಸುತ್ತದೆ ಅಷ್ಟೇ. ತೇಲಿದ್ದನ್ನು ಹೊರಹಾಕದಿದ್ದರೆ ರೇಡಿಯೇಟರ್‌ನಲ್ಲಿ ತೆಪ್ಪಗಿದ್ದ ಕೆಸರು ಪಂಪಿಗೂ ಬಾಯ್ಲರ್‌ನ ಕಿರಿದಾದ ಪ್ಲೇಟ್‌ಗಳಿಗೂ ಹೋಗಿ ಕೂರುತ್ತದೆ. "ಕ್ಲೀನರ್ ಹಾಕಿದ ಮೇಲೆ ಬಾಯ್ಲರ್ ಕೆಟ್ಟಿತು" ಎಂಬ ದೂರುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಆದ್ದರಿಂದ ಫಿಲ್ಟರ್ ಹಾಕಿಸುವ ಯೋಚನೆ ಇದ್ದರೆ ಕ್ಲೀನರ್‌ಗಿಂತ ಮೊದಲೇ ಹಾಕಿಸಿ. ನೀರು ಬಿಸುಪು ಆರುವ ಮುನ್ನ, ಪುಡಿ ತಳ ಹಿಡಿಯುವ ಮುನ್ನ, ಎಲ್ಲಕ್ಕಿಂತ ಕೆಳಗಿನ ಡ್ರೈನ್ ಕಾಕ್‌ನಿಂದ ಪೈಪ್ ಹಾಕಿ ಬಿಡಿ. ಪೈಪಿನ ತುದಿ ಒಳಚರಂಡಿಗೆ ಹೋಗಲಿ, ಮಳೆನೀರಿನ ಕಾಲುವೆಗಾಗಲಿ ಗಿಡಗಳಿಗಾಗಲಿ ಬೇಡ. ಮತ್ತೆ ತುಂಬಿ, ಸುತ್ತಿಸಿ, ಖಾಲಿ ಮಾಡಿ. ಎರಡು ಮೂರು ಸಲವಾದರೂ ಬೇಕಾಗುತ್ತದೆ. ನೀರು ಕಣ್ಣಿಗೆ ತಿಳಿಯಾದರೆ ಸಾಲದು. ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಅಗ್ಗವಾಗಿ ಸಿಗುತ್ತದೆ. ವ್ಯವಸ್ಥೆಯ ನೀರಿನ ಅಂಕಿ ನಲ್ಲಿ ನೀರಿನ ಅಂಕಿಗಿಂತ ಶೇ. 10ಕ್ಕಿಂತ ಹೆಚ್ಚಿರಬಾರದು. ಉಳಿದುಹೋದ ಕ್ಲೀನರ್ ತಾನೇ ಉಕ್ಕನ್ನು ತಿನ್ನುತ್ತದೆ, ಹಾಕುವ ಇನ್ಹಿಬಿಟರ್ ಅನ್ನೂ ಕೆಡಿಸುತ್ತದೆ.

ಖಾಲಿ ಮಾಡುವ ಬದಲು ನಲ್ಲಿಯ ಒತ್ತಡದಿಂದಲೇ ತಳ್ಳುವುದೂ ಉಂಟು: ಬಾಯ್ಲರ್ ಬೇರ್ಪಡಿಸಿ, ಒಂದು ತುದಿಯಿಂದ ನಲ್ಲಿ ನೀರು ಬಿಟ್ಟು, ಒಂದೊಂದೇ ರೇಡಿಯೇಟರ್ ತೆರೆದು ಇನ್ನೊಂದು ತುದಿಯಿಂದ ಹೊರಬಿಡುವುದು. ನಲ್ಲಿಯ ಹರಿವು ಜೋರಾಗಿದ್ದರೆ ಪವರ್ ಫ್ಲಶ್‌ಗೆ ಹತ್ತಿರದ ಫಲ ಸಿಗುತ್ತದೆ. ಕುಡಿಯುವ ನೀರಿನ ಕೊಳವೆಗೆ ಕೊಳಕು ಹಿಂದೆ ಸೇರದಂತೆ ನಡುವೆ ಡಬಲ್ ಚೆಕ್ ವಾಲ್ವ್ ಇರಲೇಬೇಕು.

ಪವರ್ ಫ್ಲಶ್

ಹೆಸರು ಕೇಳಿ ಭಾರೀ ಒತ್ತಡದ ನೀರು ಎಂದುಕೊಳ್ಳುವವರು ಬಹಳ. ಯಂತ್ರ ಕೊಡುವುದು ಒತ್ತಡವಲ್ಲ, ಹರಿವಿನ ವೇಗ. ತೊಟ್ಟಿಯೊಂದಿಗಿನ ದೊಡ್ಡ ಪಂಪನ್ನು ಮನೆಯ ಪಂಪಿನ ಜಾಗಕ್ಕೋ ರೇಡಿಯೇಟರ್‌ನ ಎರಡು ಕೊಳವೆಗಳಿಗೋ ಜೋಡಿಸಿ, ಬಿಸಿ ನೀರು ಮತ್ತು ಕ್ಲೀನರ್ ಸುತ್ತಿಸುತ್ತಾರೆ. ಉಳಿದೆಲ್ಲ ರೇಡಿಯೇಟರ್ ಮುಚ್ಚಿ ಒಂದರ ಮೂಲಕವೇ ಪೂರ್ತಿ ಹರಿವು ಹಾಯಿಸುತ್ತಾರೆ, ಸನ್ನೆಕೋಲಿನಿಂದ ದಿಕ್ಕು ತಿರುಗಿಸುತ್ತಾರೆ, ಫಲಕವನ್ನು ಕಂಪಿಸುವಂತೆ ಮಾಡುತ್ತಾರೆ, ಯಂತ್ರದ ಅಯಸ್ಕಾಂತ ಕೆಸರನ್ನು ಹಿಡಿಯುತ್ತದೆ. ಈ ಒಂದೊಂದರ ಸರದಿಯಲ್ಲೇ ಕೆಲಸದ ಫಲವೆಲ್ಲ ಇರುವುದು. ಎಲ್ಲ ರೇಡಿಯೇಟರ್ ತೆರೆದಿಟ್ಟು ಒಟ್ಟಿಗೆ ಸುತ್ತಿಸಿದರೆ ನೀರು ಸಲೀಸಾದ ದಾರಿ ಹಿಡಿಯುತ್ತದೆ, ಕಟ್ಟಿದ್ದು ಕಟ್ಟಿಯೇ ಉಳಿಯುತ್ತದೆ.

ಹಾಗಾಗಿ ಬೆಲೆ ಕೇಳುವ ಮುನ್ನ ಕೆಲಸದ ಕ್ರಮ ಕೇಳಿ. ಪ್ರತಿ ರೇಡಿಯೇಟರ್ ಬೇರೆಬೇರೆಯಾಗಿ ಮಾಡುತ್ತೀರಾ? ದಿಕ್ಕು ಬದಲಿಸುತ್ತೀರಾ? ಮೊದಲ ಮತ್ತು ಕೊನೆಯ ಟಿಡಿಎಸ್ ಅಂಕಿ ಬರೆದುಕೊಡುತ್ತೀರಾ? ಇನ್ಹಿಬಿಟರ್ ಸೇರಿದೆಯೇ? ಎಂಟು ಹತ್ತು ರೇಡಿಯೇಟರ್‌ಗಳ ಮನೆಗೆ ಆರರಿಂದ ಎಂಟು ಗಂಟೆ ಹಿಡಿಯುವ ಕೆಲಸ ಇದು. ಎರಡು ಗಂಟೆಯಲ್ಲಿ ಮುಗಿಸುತ್ತೇವೆ ಎನ್ನುವವರಿಗೆ ಬೇಡ ಎನ್ನಿ. ಒಂದು ರೇಡಿಯೇಟರ್ ಪೂರ್ತಿ ಕಟ್ಟಿದ್ದರೆ ಅದನ್ನು ಬಿಚ್ಚಿ ತೊಳೆಯುವುದೂ ಲೆಕ್ಕದಲ್ಲಿರಬೇಕು, ಏಕೆಂದರೆ ಹರಿವೇ ಇಲ್ಲದ ಕಡೆ ಯಂತ್ರಕ್ಕೂ ಏನೂ ಮಾಡಲಾಗದು.

ಯಾರಿಗೆ ಇದು ತಕ್ಕದ್ದು? ಅರ್ಧಕ್ಕಿಂತ ಹೆಚ್ಚು ರೇಡಿಯೇಟರ್‌ಗಳು ಕೆಳಗೆ ತಣ್ಣಗಿರುವ, ಬಾಯ್ಲರ್ ಸದ್ದು ಮಾಡುವ, ಆದರೆ ಕೊಳವೆ ಮತ್ತು ರೇಡಿಯೇಟರ್‌ಗಳು ಗಟ್ಟಿಯಾಗಿರುವ ಮನೆಗೆ. ಹಳೆಯ ಕೊಳವೆಗಳಿಗೆ ಹೊಸ ಬಾಯ್ಲರ್ ಜೋಡಿಸಲಿರುವವರಿಗೂ. ಹೊಸ ಬಾಯ್ಲರ್‌ನ ನೀರುದಾರಿಗಳು ಕಿರಿದು, ಹಳೆಯ ಕೆಸರು ಮೊದಲ ಚಳಿಗಾಲದಲ್ಲೇ ಅಲ್ಲಿ ಸೇರುತ್ತದೆ. ವ್ಯವಸ್ಥೆ ಶುಚಿ ಮಾಡಿದ ದಾಖಲೆ ಇಲ್ಲದಿದ್ದರೆ ಖಾತರಿಯ ಮಾತೂ ಕಷ್ಟವಾಗುತ್ತದೆ. ಹೀಟ್ ಪಂಪ್‌ಗೆ ಬದಲಾಗುವವರು ಇನ್ನೂ ಗಮನಿಸಬೇಕು. ಅದು ಕಡಿಮೆ ಬಿಸಿಯ ನೀರನ್ನು ಹೆಚ್ಚು ಹರಿವಿನಲ್ಲಿ ಕಳಿಸುತ್ತದೆ, ಅಲ್ಲಿ ಕೆಸರು ಹಿಡಿದ ರೇಡಿಯೇಟರ್‌ನಿಂದ ಕೋಣೆ ಬೆಚ್ಚಗಾಗುವುದೇ ಇಲ್ಲ.

ಬೇಡವಾದ ಕಡೆಗಳೂ ಇವೆ. ತುಕ್ಕು ಹಿಡಿದು ತೆಳುವಾದ ಹಳೆಯ ರೇಡಿಯೇಟರ್‌ಗಳು, ಈಗಾಗಲೇ ಜಿನುಗುವ ಜೋಡಣೆಗಳು ಇರುವ ಮನೆಯಲ್ಲಿ ಸೋರಿಕೆ ಹೊರಬೀಳುವುದು ಬಹುತೇಕ ನಿಶ್ಚಿತ. ಮೈಕ್ರೋಬೋರ್ ಕೊಳವೆಗಳಲ್ಲಿ ಹರಿವಿನ ವೇಗ ಸಿಗುವುದೇ ಕಷ್ಟ, ಕೊಟ್ಟ ಹಣಕ್ಕೆ ತಕ್ಕ ಫಲ ಸಿಗದಿರಬಹುದು. ಅಲ್ಲಿ ಮೃದು ಕ್ಲೀನರ್ ಕೆಲವು ವಾರ ಸುತ್ತಿಸಿ, ರೇಡಿಯೇಟರ್‌ಗಳನ್ನು ಬಿಚ್ಚಿ ತೊಳೆದು, ಅವು ಹೊರಗಿರುವಾಗ ಒಂದೊಂದು ಕೊಳವೆಗೂ ನಲ್ಲಿ ನೀರು ಹಾಯಿಸುವುದು ಹೆಚ್ಚು ಭರವಸೆಯ ದಾರಿ.

ಮ್ಯಾಗ್ನೆಟಿಕ್ ಫಿಲ್ಟರ್

ಫಿಲ್ಟರ್ ಶುಚಿ ಮಾಡುವ ಸಾಧನವಲ್ಲ, ಕಾವಲುಗಾರ. ಬಾಯ್ಲರ್‌ಗೆ ಮರಳುವ ಕೊಳವೆಯಲ್ಲಿ ಕೂತು ಹರಿದುಬರುವ ಮ್ಯಾಗ್ನೆಟೈಟ್ ಹಿಡಿಯುತ್ತದೆ. ರೇಡಿಯೇಟರ್‌ನ ತಳದಲ್ಲಿ ಈಗಾಗಲೇ ಕೂತದ್ದನ್ನು ಅದು ಎಳೆದು ತರಲಾರದು. ಕೆಳಗೆ ತಣ್ಣಗಿರುವ ರೇಡಿಯೇಟರ್ ಫಿಲ್ಟರ್ ಹಾಕಿದ ಮಾತ್ರಕ್ಕೆ ಕಾಯುವುದಿಲ್ಲ. ಆದರೂ ಯಾವ ದಾರಿ ಆರಿಸಿದರೂ ಇದು ಜೊತೆಗಿರಲಿ ಎಂದೇ ಹೇಳಬೇಕು. ಬ್ರಿಟನ್ನಿನ ಬಿಎಸ್ 7593 ಸಂಹಿತೆಯ 2019ರ ಆವೃತ್ತಿ ಕೂಡ ಶುಚಿ ಮಾಡುವುದರ ಜೊತೆಗೆ ಫಿಲ್ಟರ್ ಇರಬೇಕೆನ್ನುತ್ತದೆ. ಕೊಳವೆಯ ಅಳತೆಗೆ, ಸಾಮಾನ್ಯವಾಗಿ 22 ಅಥವಾ 28 ಮಿ.ಮೀ.ಗೆ, ಸರಿಯಾದದ್ದನ್ನು ಕೊಳ್ಳಿ. ಎರಡೂ ಬದಿ ಮುಚ್ಚುವ ವಾಲ್ವ್ ಇರಲಿ, ಬಿಚ್ಚಿ ತೊಳೆಯಲು ಕೈ ಹೋಗುವ ಜಾಗದಲ್ಲಿರಲಿ. ಕೈಗೆಟುಕದ ಮೂಲೆಯಲ್ಲಿ ಕೂರಿಸಿದ ಫಿಲ್ಟರ್ ಯಾರೂ ತೊಳೆಯದೆ ತುಂಬಿಹೋಗುತ್ತದೆ.

ರೇಡಿಯೇಟರ್ ಬದಲಿಸುವುದು

ಒಂದೋ ಎರಡೋ ತುಕ್ಕು ಹಿಡಿದ ಹಳೆಯ ರೇಡಿಯೇಟರ್‌ಗಳೇ ಸಮಸ್ಯೆಯ ಮೂಲವಾದರೆ ಅವುಗಳ ಮೇಲೆ ಶುಚಿ ಮಾಡುವ ಖರ್ಚು ಹಾಕುವುದಕ್ಕಿಂತ ಬದಲಿಸುವುದೇ ಲಾಭ. ಬೆಸುಗೆಯ ಅಂಚಿನಲ್ಲಿ ಗುಳ್ಳೆಯೆದ್ದ ಬಣ್ಣ, ಕಂದು ಕಲೆ, ಪದೇಪದೇ ಅನಿಲ ತುಂಬುವುದು ಇವು ಸೂಚನೆಗಳು. ಕೊಳವೆಗಳ ನಡುವಿನ ಅಂತರ ಅಳೆದು ಅದೇ ಅಗಲದ್ದನ್ನು ಆರಿಸಿದರೆ ನೆಲ ಅಗೆಯಬೇಕಿಲ್ಲ. ಏಕ ಫಲಕದ ಬದಲು ಜೋಡಿ ಫಲಕ ಹಾಕುವ ಅವಕಾಶವೂ ಇದೇ. ಕೊಳವೆಗಳನ್ನು ತೊಳೆಯದೆ ಹೊಸದನ್ನು ಜೋಡಿಸಿದರೆ ಉಳಿದ ಮನೆಯ ಕೆಸರು ಅದಕ್ಕೆ ಬಂದು ಸೇರುತ್ತದೆ.

ಆಮ್ಲಜನಕದ ದಾರಿ ಮುಚ್ಚುವುದು

ಮೇಲಿನ ಯಾವುದನ್ನೇ ಮಾಡಿದರೂ ನೀರಿಗೆ ಹೊಸ ಆಮ್ಲಜನಕ ಸೇರುತ್ತಲೇ ಇದ್ದರೆ ಕೆಸರು ಮತ್ತೆ ಹುಟ್ಟುತ್ತದೆ. ವ್ಯವಸ್ಥೆಯೊಳಗೇ ಉಳಿದ ನೀರು ಬೇಗ ನಿರಪಾಯಿಯಾಗುತ್ತದೆ, ಅದರ ಆಮ್ಲಜನಕವನ್ನು ಉಕ್ಕು ಆರಂಭದಲ್ಲೇ ತಿಂದು ಮುಗಿಸಿರುತ್ತದೆ. ಅಪಾಯವಿರುವುದು ಹೊಸ ನೀರಿನಲ್ಲಿ. ಮುಚ್ಚಿದ ವ್ಯವಸ್ಥೆಯಲ್ಲಿ ಆಗಾಗ ಒತ್ತಡ ಇಳಿದು ನೀರು ತುಂಬಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ: ವಾಲ್ವ್‌ನ ಕಡ್ಡಿಯ ಬುಡ, ಸೇಫ್ಟಿ ವಾಲ್ವ್‌ನಿಂದ ಹೊರಗೋಡೆಗೆ ಹೋಗುವ ಕೊಳವೆ, ಅಥವಾ ಗಾಳಿ ಕಳೆದುಕೊಂಡ ಎಕ್ಸ್‌ಪಾನ್ಷನ್ ವೆಸೆಲ್ (ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ). ಕಾದಾಗ ಒತ್ತಡ 3 ಬಾರ್‌ನತ್ತ ಏರಿ, ಆರಿದಾಗ ಸೊನ್ನೆಗೆ ಬರುತ್ತಿದ್ದರೆ ಮೊದಲು ವೆಸೆಲ್ ಪರೀಕ್ಷಿಸಿ. ವ್ಯವಸ್ಥೆಯ ಒತ್ತಡ ಪೂರ್ತಿ ಇಳಿಸಿದ ಮೇಲೆ ಅದರ ಗಾಳಿ 0.75–1 ಬಾರ್ ಆಸುಪಾಸಿನಲ್ಲಿರುವುದು ವಾಡಿಕೆ, ನಿಖರ ಅಂಕಿ ಬಾಯ್ಲರ್‌ನ ಕೈಪಿಡಿಯಲ್ಲಿರುತ್ತದೆ. ಗ್ಯಾಸ್ ಬಾಯ್ಲರ್‌ನ ಹೊದಿಕೆ ತೆಗೆಯಬೇಕಾದ ಕೆಲಸ ಅರ್ಹ ತಂತ್ರಜ್ಞರದು.

ತೆರೆದ ವ್ಯವಸ್ಥೆಯಲ್ಲಿ ಅಟ್ಟದ ತೊಟ್ಟಿಯ ನೀರು ಬೆಚ್ಚಗಿದ್ದರೆ, ಅಥವಾ ಪಂಪ್ ಓಡುವಾಗ ಗಾಳಿಕೊಳವೆಯಿಂದ ನೀರು ತೊಟ್ಟಿಗೆ ಸುರಿಯುತ್ತಿದ್ದರೆ, ವ್ಯವಸ್ಥೆ ಪ್ರತಿ ಸುತ್ತಿಗೂ ಗಾಳಿ ನುಂಗುತ್ತಿದೆ. ಮೇಲೆ ಹೇಳಿದ ಬಿರಡೆ ಕಟ್ಟಿದ ಜೋಡಣೆ ಇದಕ್ಕೆ ಸಾಮಾನ್ಯ ಕಾರಣ. ಆಮ್ಲಜನಕ ತಡೆಯುವ ಪದರವಿಲ್ಲದ ಹಳೆಯ ಪ್ಲಾಸ್ಟಿಕ್ ಕೊಳವೆಗಳ ಗೋಡೆಯ ಮೂಲಕವೂ ಆಮ್ಲಜನಕ ನುಸುಳುತ್ತದೆ. ಅಲ್ಲಿ ಇನ್ಹಿಬಿಟರ್ ಕಟ್ಟುನಿಟ್ಟಾಗಿ ಕಾಪಾಡಿಕೊಳ್ಳುವುದೊಂದೇ ಸುಲಭ ದಾರಿ.

ಯಾರಿಗೆ ಯಾವುದು

ಕೆಳಮಹಡಿಯ ಒಂದೆರಡು ರೇಡಿಯೇಟರ್ ಮಾತ್ರ ತಣ್ಣಗಿದ್ದು ಜಾಡಿಯ ನೀರು ಬರೀ ಬೂದು ಬಣ್ಣಕ್ಕಿದ್ದರೆ ಬಿಚ್ಚಿ ತೊಳೆಯಿರಿ, ಇನ್ಹಿಬಿಟರ್ ಹಾಕಿ, ಫಿಲ್ಟರ್‌ಗೆ ಹಣ ಕೂಡಿಸಿ. ಮನೆಯಿಡೀ ಮಸಿನೀರು, ಆದರೆ ಕೈಯಲ್ಲಿ ಹಣ ಕಡಿಮೆ ಎಂದಾದರೆ ಮೊದಲು ಫಿಲ್ಟರ್, ಆಮೇಲೆ ಮೃದು ಕ್ಲೀನರ್, ಕೆಲವು ವಾರದ ನಂತರ ಸ್ವಂತವಾಗಿ ಮೂರು ಸಲ ಖಾಲಿ ಮಾಡುವುದು. ಶ್ರಮ ಹೆಚ್ಚು, ಫಲ ಬಹಳಷ್ಟು ಮನೆಗಳಲ್ಲಿ ಪವರ್ ಫ್ಲಶ್‌ಗೆ ಹತ್ತಿರ. ವಯಸ್ಸಾದವರೋ ಹಸುಗೂಸೋ ಇರುವ ಮನೆಯಲ್ಲಿ, ಕಡು ಚಳಿಯಲ್ಲಿ, ಇದೇ ಕ್ರಮ ಹಿಡಿದು ಖಾಲಿ ಮಾಡುವ ಕೆಲಸವನ್ನು ಬೆಚ್ಚಗಿನ ದಿನಕ್ಕೆ ಇಟ್ಟುಕೊಳ್ಳಬಹುದು. ಲೇಬಲ್‌ನ ಗರಿಷ್ಠ ಅವಧಿ ಮಾತ್ರ ಮೀರದಿರಲಿ. ಹೊಸ ಬಾಯ್ಲರ್ ಬರಲಿದೆ, ಕೊಳವೆಗಳು ಗಟ್ಟಿಯಾಗಿವೆ ಎಂದಾದರೆ ಪವರ್ ಫ್ಲಶ್‌ಗೆ ಕೊಡುವ ಹಣ ದಂಡವಲ್ಲ. ಬಾಡಿಗೆ ಮನೆಯಲ್ಲಿರುವವರು ಏನನ್ನೂ ಬಿಚ್ಚದೆ, ಬ್ಲೀಡ್ ಮಾಡುವಾಗ ಬಂದ ನೀರಿನ ಜಾಡಿ ಮತ್ತು ತಣ್ಣಗಿರುವ ಜಾಗಗಳ ಚೀಟಿಯನ್ನು ಮಾಲೀಕರಿಗೆ ತೋರಿಸುವುದು ಸರಿ.

ಎಲ್ಲ ದಾರಿಗಳೂ ಸೇರುವುದು ಇನ್ಹಿಬಿಟರ್‌ನಲ್ಲಿ. ಶುಚಿ ಮಾಡಿ ಅದನ್ನು ಹಾಕದೆ ಬಿಟ್ಟರೆ, ಹೊಳೆಯುವ ಬರಿಮೈ ಉಕ್ಕು ಹೊಸ ನೀರಿನ ಆಮ್ಲಜನಕಕ್ಕೆ ಸಿಕ್ಕಿ ಮೊದಲಿಗಿಂತ ಬೇಗ ತುಕ್ಕಾಗುತ್ತದೆ. ನೀರು ತುಂಬಿದ ದಿನವೇ, ಲೇಬಲ್ ಹೇಳುವ ಪ್ರಮಾಣದಲ್ಲಿ ಹಾಕಿ. ಅರ್ಧ ಪ್ರಮಾಣ ಅರ್ಧ ರಕ್ಷಣೆ ಕೊಡುವುದಿಲ್ಲ, ರಕ್ಷಣೆ ಸಿಗದ ಚಿಕ್ಕ ಜಾಗಗಳಲ್ಲೇ ಸವೆತ ಜೋರಾಗಬಹುದು. ಹಾಕಿದ ದಿನಾಂಕ, ಹೆಸರು, ಪ್ರಮಾಣವನ್ನು ಬಾಯ್ಲರ್‌ನ ಪಕ್ಕದಲ್ಲಿ ಚೀಟಿ ಅಂಟಿಸಿ. ವರ್ಷಕ್ಕೊಮ್ಮೆ ಟೆಸ್ಟ್ ಪಟ್ಟಿಯಿಂದ ಪರೀಕ್ಷಿಸಿ, ಐದು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿ. ಪಿಎಚ್ ಕೂಡ ಅಳೆಯುವುದಾದರೆ ಜರ್ಮನಿಯ ವಿಡಿಐ 2035 ಮಾರ್ಗಸೂಚಿ 8.2ರಿಂದ 10ರವರೆಗೆ ಒಪ್ಪುತ್ತದೆ, ಅಲ್ಯೂಮಿನಿಯಂ ಇದ್ದರೆ ಮೇಲ್ಮಿತಿ 9.

ಫಿಲ್ಟರ್ ಅನ್ನು ಮೊದಲ ತಿಂಗಳ ಕೊನೆಗೆ ತೆರೆಯಿರಿ. ಆಗ ಕಪ್ಪು ಪದರ ದಪ್ಪಗಿರುವುದು ಸಹಜ, ಸಡಿಲಗೊಂಡ ಹಳೆಯ ಕೆಸರು ಅದು. ಆರನೆಯ ತಿಂಗಳಿಗೆ ತೆಳು ಲೇಪದಷ್ಟೇ ಉಳಿದಿರಬೇಕು, ಆಮೇಲೆ ವರ್ಷಕ್ಕೊಮ್ಮೆ ತೆರೆದರೆ ಸಾಕು. ಆರನೆಯ ತಿಂಗಳಲ್ಲೂ ಮೊದಲಿನಷ್ಟೇ ದಪ್ಪ ಸಿಕ್ಕಿದರೆ ಇನ್ನೊಂದು ಬಾಟಲಿ ಕ್ಲೀನರ್ ತರಬೇಡಿ. ಒತ್ತಡದ ಮುಳ್ಳನ್ನು ಒಂದು ವಾರ ದಿನವೂ ಬರೆದಿಟ್ಟು ಸೋರಿಕೆ ಹುಡುಕಿ, ಅಟ್ಟದಲ್ಲಿ ತೊಟ್ಟಿಯಿದ್ದರೆ ಪಂಪ್ ಓಡುವಾಗ ಹತ್ತಿ ನೋಡಿ.